ಕಾರಿನ ಆವಾಜು

ಹುಮನಾಬಾದ ಬಸ್ ನಿಲ್ದಾಣದಲ್ಲಿ ಬೇಮಳಖೇಡದ ಬಸ್ಸಿಗೆ ಕಾಯುತ್ತಿದ್ದ ಸರ್ದಾರಬಿಗೆ ಪಕ್ಕದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಂಗಿ ರತ್ನಮಾಲಾ ಗಂಡನ ಮನೆ ಬಿಟ್ಟು ಬಸವಕಲ್ಯಾಣದ ತವರಿಗೆ ಹೊರಟಿದ್ದಳು.

“ಒಂದು ಕಾರಿನ ಸಲುವಾಗಿ ಮನಿ ಬಿಡ್ತಾರೇನು?” ಎಂದಳು ಅಕ್ಕ ದ್ರೌಪತಿ.

“ಅದು ಕಾರಲ್ಲಕ್ಕ, ಸವತಿ. ಆ ಹಳೇ ಸ್ಪೋರ್ಟ್ಸ್ ಕಾರು ತಂದಾಗಿಂದ ಅವರಿಗೆ ಅದರದೇ ಗುಂಗು. ಆವಾಜು ಛಲೋ ಬರ್ಲಿ ಅಂತ ಗಾಳಿ ಎಳಿಯೋ ಪೈಪು ಬದಲಿ ಮಾಡಿದ್ರು, ಈಗ ಸೈಲೆನ್ಸರ್ ಬದಲಿ ಮಾಡಾಕತ್ತಾರ. ದಿನಾ ಕಣ್ಣು ಮುಚ್ಚಿ ಅದರ ಸದ್ದು ಕೇಳ್ಕೋತ ನಿಂದರ್ತಾರ.”

“ನಿಂದರ್ಲಿ ಬಿಡು.”

“ನನ್ನ ಮಾತು ಒಮ್ಮೆನೂ ಹಂಗ ಕೇಳಿಲ್ಲಕ್ಕ.”

ಸರ್ದಾರಬಿ ಮುಖವನ್ನಷ್ಟೇ ಅವರತ್ತ ತಿರುಗಿಸಿದಳು. ಅಷ್ಟರಲ್ಲಿ ರತ್ನಮಾಲಾಳಿಗೆ ಫೋನು ಬಂತು. ಅವಳು ಕಿವಿಗೊತ್ತಿ ಕೇಳಿಸಿಕೊಂಡು ಇಟ್ಟುಬಿಟ್ಟಳು.

“ನಿನ್ನ ಗಂಡ ಸಮ್ಯಕನೇನು? ಹೊಳ್ಳಿ ಬಾ ಅಂದನೇನು?”

“ನಾ ಹೊಂಟಿದ್ದೇ ಅವರಿಗೆ ಗೊತ್ತಿಲ್ಲ. ‘ಹೊಸ ಸೈಲೆನ್ಸರ್ ಹಾಕೇನಿ, ಕೇಳು’ ಅಂತ ಫೋನು ಅದರ ಹತ್ರ ಹಿಡಿದ್ರು.”

“ಮತ್ತ? ಹ್ಯಾಂಗದ ಆವಾಜು?”

ರತ್ನಮಾಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಭಾಳ ಛಲೋ ಅದ. ಅದರ ಬಾಯಾಗ ಮಣ್ಣು ಬೀಳ್ಲಿ!”

ಬಸವಕಲ್ಯಾಣದ ಬಸ್ಸು ಬಂದು ನಿಂತಿತು. ಬ್ಯಾಗು ಎತ್ತಿಕೊಂಡು ಅವಳೇ ಮೊದಲು ಹತ್ತಿದಳು.