ತೂಗುಸೇತುವೆಯ ಮೇಲಿನ ಭಾರ

ವನಗೂರಿನ ಹತ್ತಿರ ರಸ್ತೆಗೆ ಮರ ಬಿದ್ದಿತ್ತು. ಜೀಪಿನಿಂದ ಇಳಿದ ನಾವು ನಾಲ್ವರು ಮಧ್ಯಾಹ್ನವೆಲ್ಲ ಒಂದು ಚಿಕ್ಕ ಹೋಟೆಲಿನಲ್ಲಿ ಕೂತೆವು. ಮಳೆ ಬಿಡುವಂತಿರಲಿಲ್ಲ. ಅಲ್ಲೇ ಹತ್ತಿರದ ಹಳ್ಳಕ್ಕೆ ಕಟ್ಟಿದ್ದ ತೂಗುಸೇತುವೆ ಗಟ್ಟಿಯಿದೆಯೇ ಎಂದು ನಮ್ಮಲ್ಲೊಬ್ಬರು ಕೇಳಿದರು. ಅದರ ಕಾವಲಿಗಿದ್ದ ಎಪ್ಪತ್ತರ ಮುದುಕ ದ್ಯಾವಯ್ಯ ಬೀಡಿ ಆರಿಸಿ ಹೇಳತೊಡಗಿದ.

“ಗಟ್ಟಿ ಐತೆ ಕಣ್ರೀ. ಎರಡು ಸಾವಿರದ ಮೂರರಲ್ಲಿ ಕಟ್ಟಿದ್ದು. ಅದಕ್ ಮುಂಚೆ ಅಡ್ಡ ಹಾಕಿದ್ ಮರದ ದಿಮ್ಮಿ ಒಂದೇ. ತೊಂಬತ್ತೆಂಟರ ಮಳೇಲಿ ನನ್ ಹೆಂಡ್ರು ಚೆಲುವಮ್ಮ, ಎಸ್ಟೇಟ್ ಕೆಲ್ಸ ಮುಗಿಸ್ಕೊಂಡು ಸಂಜೆ ಐದಕ್ಕೆ ಅದರ ಮೇಲೇ ಬತ್ತಿದ್ಳು, ನಡು ಹಳ್ಳದಲ್ಲಿ ಕಾಲ್ ಜಾರ್ತು... ಹೋಗ್ಬುಟ್ಲು. ಹೆಣಾನೂ ಸಿಗ್ಲಿಲ್ಲ.

ಸೇತುವೆ ಆದ್ಮೇಲೆ ಶಾಲಿನಿ ಅಂತ ಇಂಜಿನಿಯರಮ್ಮ ಬಂದು, ಉಕ್ಕಿನ ಹಗ್ಗಕ್ಕೆ ಬೆರಳುದ್ದದ ಸೆನ್ಸರ್ ಕಟ್ಟಿ, ವೈರ್ ಎಳ್ದು, ನನ್ ಕಾವಲು ಗುಡಿಸ್ಲಲ್ಲಿ ಪೆಟ್ಟಿಗೆ ಇಟ್ರು. ಮೇಲೆ ಯಾರ್ ನಡೆದ್ರೂ ಹಗ್ಗ ಎಷ್ಟು ಜಗ್ತು, ಭಾರ ಎಲ್ಲೈತೆ, ಎಲ್ಲಾ ಪೆಟ್ಟಿಗೇಲಿ ಗೀಟಾಗಿ ಕಾಣೋದು. ಒಂದು ವಾರ ಸರಿ. ಆಮೇಲೆ ದಿನಾ ಐದಕ್ಕೆ ಆಚೆ ದಡದಿಂದ ಒಂದಾಳಿನ ಭಾರ ಹತ್ತೋದು, ನಡುವಿಗ್ ಬಂದು ನಿಲ್ಲೋದು... ಆಮೇಲೆ ಇಲ್ಲ. ಕಣ್ಣಲ್ಲಿ ನೋಡಿದ್ರೆ ಸೇತುವೆ ಖಾಲಿ! ಎರಡು ಸಲ ಸೆನ್ಸರ್ ಬದಲಾಯ್ಸಿದ್ರೂ ಅದೇ ಗೀಟು. ‘ದ್ಯಾವಯ್ಯ, ಇದೇನೂಂತ ತಿಳೀದೆ ಸೇತುವೆ ಭದ್ರ ಅಂತ ನಾನು ಸಹಿ ಹಾಕಲ್ಲ. ಸೇತುವೆ ಮುಚ್ಚಬೇಕಾಗುತ್ತೆ’ ಅಂದ್ರು. ಮುಚ್ಚಿದ್ರೆ? ಹೆಣ್ಣಾಳುಗಳು ಮತ್ತೆ ದಿಮ್ಮಿ ಮೇಲೇ ಬರ್ಬೇಕಲ್ವ?

ಯಾರು ಅಂತ ನಂಗೆ ಗೊತ್ತಾಗಿತ್ತು. ಮಾರನೇ ದಿನ ಐದಕ್ಕೆ ನಾನೇ ಹೋಗಿ ನಡುವಲ್ಲಿ ನಿಂತೆ. ಏನೂ ಕಾಣ್ಲಿಲ್ಲ. ಹಲಗೆ ಮಾತ್ರ ಒಂದೊಂದಾಗಿ ನನ್ ಕಡೆ ತಗ್ಗುತ್ತಾ ಬಂದ್ವು... ‘ದಿಮ್ಮಿ ಅಲ್ಲ ಕಣೇ, ಸೇತುವೆ. ಬಾ, ಮನೆಗ್ ಹೋಗಾನ’ ಅಂದು ಬೆನ್ನು ತಿರುಗ್ಸಿ ನಡ್ದೆ. ಹಿಂದೆ ನೋಡೋ ಧೈರ್ಯ ಯಾವನಿಗೈತೆ? ಗುಡಿಸ್ಲಿಗೆ ಬಂದ್ರೆ ಇಂಜಿನಿಯರಮ್ಮ ಪೆಟ್ಟಿಗೆ ಮುಂದೆ ಬೆವೆತು ನಿಂತವ್ರೆ. ‘ಇಬ್ಬರು ಇಳಿದ್ರಿ, ದ್ಯಾವಯ್ಯ’ ಅಂದ್ರು. ಅವತ್ತಿಂದ ಆ ಗೀಟು ಬಂದಿಲ್ಲ. ಸಹಿ ಹಾಕಿ ಹೋದ್ರು.”

“ಹಂಗಾದ್ರೆ ಸರಿಹೋಯ್ತಲ್ಲ” ಎಂದೆ ನಾನು.

“ಸೇತುವೆ ಸರಿಹೋಯ್ತು ಮಾರಾಯ” ಎಂದ ದ್ಯಾವಯ್ಯ. “ಮನೇಲಿ, ಸಂಜೆ ಹಗ್ಗದ ಮಂಚದ ಮೇಲೆ ಒರಗಿದ್ರೆ ಒಂದ್ ಮಗ್ಗುಲು ತಗ್ಗುತ್ತೆ... ಯಾರೋ ಬಂದು ಕೂತಂಗೆ. ಮೊದ್ಲು ಕಾಲ್ದೆಸೇಲಿ ಇತ್ತು. ಈ ಮಳೆಗಾಲದಿಂದ ಎದೆ ತಾವಕ್ ಬಂದೈತೆ.”