ಬಾಯವ್ವ ಕೊಟ್ಟ ಮನೆ

ಬೈಲಹೊಂಗಲದ ಹೊಸ ಬಡಾವಣೆಯ ಕೊನೆಯ ಸಾಲಿನಲ್ಲಿ ಕೆಂಚವ್ವನ ಮನೆ. ಅಲ್ಲಿ ರೊಟ್ಟಿ ಮಾಡಿ ಮಾರುತ್ತಾರೆ. ಅಂದು ಸಂಜೆ ರೊಟ್ಟಿ ಒಯ್ಯಲು ಹೋದ ನಾವು ನಾಲ್ಕಾರು ಮಂದಿ ಮಳೆಗೆ ಸಿಕ್ಕಿ ಅಲ್ಲೇ ಉಳಿದೆವು. ಕರೆಂಟು ಹೋಗಿತ್ತು. ಒಲೆಯ ಬೆಳಕಿನಲ್ಲಿ ಸೊಸೆ ಶೈಲಶ್ರೀ ರೊಟ್ಟಿ ಬಡಿಯುತ್ತಿದ್ದಳು. ಈ ಮನೆಯಲ್ಲಿ ದೆವ್ವ ಇದೆಯಂತೆ, ಖರೆಯೇ ಎಂದು ನಮ್ಮಲ್ಲೊಬ್ಬರು ಕೇಳಿದರು. ಕೆಂಚವ್ವ ನಕ್ಕು, ಎಲೆಗೆ ಸುಣ್ಣ ಸವರುತ್ತ ಶುರುಮಾಡಿದಳು.

"ಕುಂದರ್ರಿ, ಈ ಮಳಿ ಲಗೂನ ನಿಂದ್ರೂದಲ್ಲ... ಕೊರೊನಾ ಆದ ಮರುವರ್ಷದ ಮಾತು. ಮಗ ತೀರಿಕೊಂಡಿದ್ದ. ನಾನೂ ಶೈಲಾನೂ ಬಜಾರದ ಹಿಂದ ಹಳೇ ಚಾಳಿನ್ಯಾಗ ರೊಟ್ಟಿ ಮಾರಿ ಬಾಳೇ ಮಾಡತಿದ್ವಿ. ಕಾಂಪ್ಲೆಕ್ಸ್ ಕಟ್ಟತೇವಿ ಅಂತ ಅದನ್ನ ಕೆಡವಿದ್ರು. ಊರ ತುಂಬ ಹೊಸ ಮನಿ ಎದ್ದಾವು, ನಮಗ ಮಾತ್ರ ಯಾವ ಮಾಲಕರೂ ಕೊಡಲಿಲ್ಲ. ಒಲಿ ಹೊಗಿಗೆ ಗ್ವಾಡಿ ಕಪ್ಪಾಕ್ಕೈತಿ ಅಂದ್ರು, ರೊಟ್ಟಿ ಬಡಿಯೂ ಸಪ್ಪಳ ಆಕ್ಕೈತಿ ಅಂದ್ರು, ಗಂಡಸರಿಲ್ಲದ ಮನ್ಯಾಗ ಬರೇ ಇಬ್ಬರು ಹೆಂಗಸರನ್ನ ಹೆಂಗ ಇಟ್ಕೊಳ್ಳೂದು ಅಂದ್ರು. ಗುಡಿ ಪೌಳ್ಯಾಗ ಮಲಗತಿದ್ವಿ. ಶೈಲಾ ಕುಂತ ಬೆಳಗ ಮಾಡತಿದ್ಲು... ಹರೇದಾಕಿ, ಬಯಲಾಗ ನಿದ್ದಿ ಹೆಂಗ ಬರಬೇಕು?

ಈ ಮನಿ ಖಾಲಿ ಐತಿ ಅಂತ ಕೇಳಿ ಒಂದಿನ ಮಧ್ಯಾಹ್ನ ಬಂದ್ವಿ. ಮಾಲಕ ವೀರಪ್ಪ ಬಾಗಲಕ್ಕ ಕೀಲಿ ಹಾಕತಿದ್ದ. ಮನ್ಯಾಗ ಗಂಡಸರು ಯಾರದಾರ ಅಂದ. ಯಾರೂ ಇಲ್ಲ ಅಂದೆ. ಮನಿ ಬ್ಯಾರೇದವರಿಗೆ ಮಾತಾಗೇತಿ ಅಂತ ಹೇಳಿ ಗಾಡಿ ಹತ್ತಿ ಹೋಗಿಬಿಟ್ಟ. ಆಗ ಬಂತು ನೋಡ್ರಿ ಮಳಿ... ಅಂಗಳದಾಗ ಕಲ್ಲಿನ ಮ್ಯಾಲ ಒಬ್ಬಾಕಿ ಮುದುಕಿ ಕುಂತಿದ್ಲು. ಹಸರ ಸೀರಿ, ಹರದ ಕಿವಿ. ಅಂಥಾ ಮಳ್ಯಾಗ ಆಕಿ ಸೀರಿ ತೊಯ್ದಿದ್ದಿಲ್ಲ. ಅದ ನನಗ ಆಗ ಹೊಳೀಲಿಲ್ಲ. 'ಕದಾ ತಗದೈತಿ, ಒಳಗ ಹೋಗ್ರೆವ್ವಾ, ಹಾಲ ಉಕ್ಕಸ್ರಿ' ಅಂದ್ಲು. ನೂಕಿದ್ರ ಖರೇನ ತಗದಿತ್ತು. ಮಾಲಕನ ಅವ್ವ ಇರಬೇಕು, ಅಂತಃಕರಣದಾಕಿ ಅಂತ ತಿಳದು ಹಾಲ ತಂದು ಉಕ್ಕಿಸಿದ್ವಿ.

ಸಂಜಿಕ ವೀರಪ್ಪ ಬಂದ. ಕೀಲಿಕೈ ಅವನ ಕಿಸೇದಾಗನ ಐತಿ. ನಿಮ್ಮವ್ವನೇ ನಮ್ಮನ್ನ ಒಳಗ ಕಳಿಸಿದ್ಲು ಅಂದ್ರ, ನಮ್ಮವ್ವ ಸತ್ತು ಭಾಳ ವರ್ಷ ಆತು ಅಂದ. ಹರದ ಕಿವಿ ಸುದ್ದಿ ಹೇಳೂದ್ರಾಗ ನೆಲಕ್ಕ ಕುಂತ. ಬಾಯವ್ವ ಆಕಿ ಅಂದ... ಈ ಪ್ಲಾಟಿನ್ಯಾಗ ಆಕಿ ಗುಡಸಲಾ ಇತ್ತಂತ. ಲೇಔಟ್ ಮಾಡುವಾಗ ಎಬ್ಬಿಸಿದ್ರಂತ. ಆದ್ರೂ ದಿನಾ ಬಂದು ಆ ಕಲ್ಲಿನ ಮ್ಯಾಲ ಕುಂದರತಿದ್ಲು, ಕುಂತಲ್ಲೇ ಜೀವಾ ಹೋತಂತ. ಮೊದಲ ಬಾಡಿಗಿಗೆ ಬಂದವರೆಲ್ಲ ಆಕಿನ್ನ ಕಂಡು ಓಡಿದ್ರಂತ. ಶೈಲಾ ನನ್ನ ಸೆರಗ ಹಿಡಕೊಂಡ್ಲು. ನಾ ಅಂದೆ, 'ನೀವು ಇಲ್ಲ ಅಂದ್ರಿ, ಆಕಿ ಬಾ ಅಂದ್ಲು. ನಾ ಯಾರಿಗೆ ಹೆದರಬೇಕ್ರಿ, ಅಣ್ಣಾ?' ವೀರಪ್ಪ ಎದ್ದು ಕೀಲಿಕೈ ನನ್ನ ಕೈಯಾಗ ಇಟ್ಟು, 'ಇರ್ರಿ' ಅಂದ.

ಅವತ್ತಿನಿಂದ ಹೆಂಚಿನ ಮ್ಯಾಲಿನ ಮೊದಲನೇ ರೊಟ್ಟಿ ಆಕಿಗೆ. ಶೈಲಾ ಗಡದ್ದ ನಿದ್ದಿ ಮಾಡತಾಳ. ಹಿಂದಿನ ಖೋಲ್ಯಾಗ ಕೌದಿ ಹೊಲಿಯೂ ಮಹಾನಂದಾ ಅದಾಳಲ್ಲ, ಆಕಿಗೂ ಎಲ್ಲ್ಯೂ ಮನಿ ಸಿಕ್ಕಿದ್ದಿಲ್ಲ, ಆಕಿನ್ನೂ ಬಾಯವ್ವನೇ ಒಳಗ ಕರದ್ಲು. ವೀರಪ್ಪ ಈಗ ಬಾಡಿಗಿಗೆ ಬಂದ ಮಂದೀನ ಗಂಡಸರು ಅದಾರೇನು ಅಂತ ಕೇಳೂದಿಲ್ಲ, ಕೀಲಿಕೈ ಕೊಟ್ಟು ಒಂದ ರೊಟ್ಟಿ ತಿಂದು ಹೊಕ್ಕಾನ. ಇದರಕಿಂತ ಸುಖ ಯಾವದೈತಿ ಹೇಳ್ರಿ?

ಮೊನ್ನಿ ಬಾಯವ್ವ ನನಗ ಅಂದ್ಲು... 'ಕೆಂಚಾ, ವಯಸ್ಸಾತಲ್ಲ, ನಾ ಇರೂ ಕಡೆ ಬಾ. ಅಲ್ಲಿ ಯಾರೂ ಏಳ ಅನ್ನೂದಿಲ್ಲ.' ಪಂಚಮಿ ಉಂಡಿ ಕಟ್ಟೂದೈತಿ, ಮುಗಿಸಿಕೊಂಡು ಬರತೇನಿ ಅಂದೇನಿ. ಹೂಂ ಅಂತ ಗೋಣ ಹಾಕಿದ್ಲು... ಅಕಾ ನೋಡ್ರಿ, ಆ ಕಲ್ಲಿನ ಮ್ಯಾಲ ಮಳ್ಯಾಗ ಕುಂತ ನನ್ನ ಕಾಯಾಕ ಹತ್ಯಾಳ, ಪಾಪ."