ಸಾಹುಕಾರನ ಮಗನಿಗೆ ಯಾರೂ ಹೇಳದ ಸುದ್ದಿ

ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಎಣ್ಣೆ ಗಿರಣಿ, ಎರಡು ಅಂತಸ್ತಿನ ಮನೆ, ಕರೆದರೆ ಓಡಿ ಬರುವ ಜನ. ಏನು ಕಡಿಮೆ ಅಂತೀರಿ? ಕಡಿಮೆಯೇನೂ ಇರಲಿಲ್ಲ. ಆದರೂ ಆ ಮನುಷ್ಯ ಮೂರು ತಿಂಗಳಿಂದ ಹೊಟ್ಟೆ ತುಂಬ ಉಂಡಿರಲಿಲ್ಲ.

ಅವನಿಗೊಬ್ಬ ಹಿರಿಯ ಮಗ, ಚನ್ನಮಲ್ಲ. ವಯಸ್ಸು ಮೂವತ್ತನಾಲ್ಕು, ಆಳು ಬಾಗಿಲೆತ್ತರ. ಬುದ್ಧಿ ಮಾತ್ರ ನಾಲ್ಕೈದು ವರ್ಷದ ಕೂಸಿನ ಹತ್ತಿರವೇ ನಿಂತುಬಿಟ್ಟಿತ್ತು. ಅವನನ್ನು ಸಾಕಿದವಳು ಸಾಹುಕಾರನ ತಾಯಿ. ಅವನ ಬಾಯಲ್ಲಿ ಆಕೆ ಆಯಿ. ಆಯಿ ಕಲಸಿಟ್ಟರೆ ಊಟ, ಆಯಿ ಹೊದಿಸಿದರೆ ನಿದ್ದೆ.

ಆ ಆಯಿ ಒಂದು ದಿನ ತೀರಿಕೊಂಡಳು.

ಮನೆಯವರು ಏನು ಮಾಡಿದರು? ಪಾಪ, ಅವನಿಗೇನು ತಿಳಿದೀತು ಅಂದರು. ಮಣ್ಣು ಮಾಡುವ ಹೊತ್ತಿಗೆ ಅವನನ್ನು ಸೋದರಮಾವನ ಜೊತೆ ಪಕ್ಕದ ಊರಿಗೆ ಕಳಿಸಿ, ಮಿರ್ಚಿ ಗಿರ್ಮಿಟ್ ತಿನ್ನಿಸಿದರು. ಬಂಧುಬಳಗವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿತು. ಅವನೊಬ್ಬ ಹಾಕಲಿಲ್ಲ. ತಿರುಗಿ ಬಂದವನು ಆಯಿ ಎಲ್ಲಿ ಅಂತ ಕೇಳಿದಾಗ ಸಾಹುಕಾರನೇ ಹೇಳಿದ, ಊರಿಗೆ ಹೋಗಿದ್ದಾಳೆ, ಬಸ್ಸಿಗೆ ಬರುತ್ತಾಳೆ.

ನೋಡಿ, ಪ್ರೀತಿಯಿಂದಲೇ ಹೇಳಿದ. ಸುಳ್ಳನ್ನು ನಾವು ದ್ವೇಷದಿಂದ ಹೇಳುವುದಕ್ಕಿಂತ ಪ್ರೀತಿಯಿಂದ ಹೇಳುವುದೇ ಹೆಚ್ಚು.

ತಿಂಗಳು ಕಳೆಯಿತು. ಚನ್ನಮಲ್ಲ ತಟ್ಟೆ ದೂಡತೊಡಗಿದ. ಗೋಡೆಗೆ ಹಣೆ ಚಚ್ಚಿಕೊಂಡ. ಹೆತ್ತ ತಾಯಿಯ ತೋಳು ಕಚ್ಚಿದ. ತಾಯತ ಕಟ್ಟಿಸಿದರು, ಗುಳಿಗೆ ಹೆಚ್ಚು ಮಾಡಿಸಿದರು. ಆಮೇಲೊಂದು ದಿನ ಹಿತ್ತಾಳೆಯ ತಂಬಿಗೆ ಎಸೆದ. ಅಪ್ಪನ ಹುಬ್ಬು ಒಡೆಯಿತು. ಅಲ್ಲಿಗೆ ಮನೆಯ ಧೈರ್ಯವೂ ಒಡೆಯಿತು. ದೂರದ ಊರಲ್ಲಿ, ಕಬ್ಬಿಣದ ಸರಳು ಹಾಕಿದ ಒಂದು ಜಾಗವಿದೆ, ಬಿಟ್ಟು ಬಂದರೆ ಅವರೇ ನೋಡಿಕೊಳ್ಳುತ್ತಾರೆ ಅಂತ ಯಾರೋ ಹೇಳಿದರು. ಸೋಮವಾರಕ್ಕೆ ಗಾಡಿ ಗೊತ್ತಾಯಿತು. ಸಾಹುಕಾರ ಮಗನ ಅಂಗಿಗಳನ್ನು ತಾನೇ ಮಡಚಿ ಚೀಲಕ್ಕೆ ತುಂಬಿದ. ಒಂದು ಅಂಗಿ ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು.

ಗುರುವಾರ ಒಬ್ಬ ಹೆಣ್ಣುಮಗಳು ಬಂದಳು. ಇಂಥ ದೊಡ್ಡ ಮಕ್ಕಳಿರುವ ಮನೆಗೆ ಕಷ್ಟ ಕೈಮೀರಿದಾಗ ಹೋಗಿ ದಾರಿ ಹುಡುಕಿಕೊಡುವುದೇ ಅವಳ ಕೆಲಸ. ಊರಿನ ನರ್ಸಮ್ಮ ಫೋನು ಮಾಡಿ ಕರೆಸಿದ್ದಳು. ಸಾಹುಕಾರ ಕುರ್ಚಿ ಹಾಕಿಸಿದ. ಅವಳು ಕುರ್ಚಿ ಬಿಟ್ಟು, ಚನ್ನಮಲ್ಲನಿಂದ ಎರಡು ಮಾರು ದೂರದಲ್ಲಿ ನೆಲದ ಮೇಲೆ ಕೂತಳು. ಮೊದಲು ಅವನಿಗೆ ತನ್ನ ಹೆಸರು ಹೇಳಿದಳು. ಅವನಿಗೆ! ಸಾಹುಕಾರನಿಗೆ ಅದೇ ವಿಚಿತ್ರ. ಬಂದವರೆಲ್ಲ ಅವನ ವಿಷಯ ಕೇಳುತ್ತಿದ್ದರು, ಅವನನ್ನೇ ಮಾತಾಡಿಸಿದವರಿಲ್ಲ.

ಸೋಮವಾರದ ತನಕ ಟೈಮ್ ಕೊಡಿ ಅಂದಳು. ಹಲ್ಲು, ಕಿವಿ, ಹೊಟ್ಟೆ ಎಲ್ಲಾದರೂ ನೋವಿದೆಯೇ ಅಂತ ಡಾಕ್ಟರರಿಂದ ತಪಾಸಣೆ ಮಾಡಿಸಿದಳು. ಇರಲಿಲ್ಲ. ಕೈಗೆ ಸಿಗುವ ತಂಬಿಗೆ, ಚರಿಗೆ ಎಲ್ಲ ಎತ್ತಿಡಿಸಿದಳು. ಚನ್ನಮಲ್ಲನ ತಮ್ಮ, ತಮ್ಮನ ಹೆಂಡತಿ ಸರದಿಯ ಮೇಲೆ ಅವನ ಹತ್ತಿರ ಇರುವಂತೆ ಮಾಡಿ, ಆ ತಾಯಿಗೆ ಮಲಗಲು ಹೇಳಿದಳು. ಆಕೆ ಗೋಡೆಗೆ ಮುಖ ಮಾಡಿ ಮಲಗಿದವಳು ಮಧ್ಯಾಹ್ನವೆಲ್ಲ ಏಳಲಿಲ್ಲ. ಆಮೇಲೆ ಬಂದ ಹೆಣ್ಣುಮಗಳು ಒಂದು ನೋಟ್‌ಬುಕ್ ತೆರೆದಳು. ಅವನು ಯಾವಾಗ ಹೊಡೆದ, ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು, ಅಷ್ಟೇ ಬರೆದಳು.

ರವಿವಾರ ಬೆಳಗಾಗುತ್ತಲೇ ಆ ಹಾಳೆಗಳನ್ನು ಸಾಹುಕಾರನ ಮುಂದೆ ಇಟ್ಟಳು. "ದಿನಾ ಸಂಜೀ ಬಸ್ ಬಂದು ಹೋದ ಮ್ಯಾಲನ ಇವ್ರು ಸಿಟ್ಟಾಗೂದು. ಆ ಬಸ್ಸಿನಾಗ ಯಾರು ಬರಬೇಕಾಗಿತ್ತು, ಸಾವಕಾರ್ರ?"

ಸಾಹುಕಾರ ನೆಲ ನೋಡುತ್ತ ಹೇಳಿದ. "ಅವಗ ತಿಳಿಯೂದಿಲ್ಲ ಅಂತ ಹೇಳಿರಲಿಲ್ರಿ."

"ತಿಳಿಯದಿದ್ರ ಮೂರು ತಿಂಗಳು ದಾರಿ ಯಾಕ ಕಾಯ್ತಾರ್ರಿ?"

ಕೇಳಿದಿರಾ? ಮನೆಯಲ್ಲಿ ಬುದ್ಧಿ ಬೆಳೆಯದವರು ಯಾರು ಅಂತ ಆ ಕ್ಷಣಕ್ಕೆ ಸಾಹುಕಾರನಿಗೆ ಗೊತ್ತಾಯಿತು.

ಹೇಳಬೇಕಾದವರು ನೀವೇ ಅಂದಳು ಆಕೆ. ಶಿವನ ಪಾದ ಸೇರಿದಳು, ದೊಡ್ಡ ಊರಿಗೆ ಹೋದಳು ಅಂತೆಲ್ಲ ಹೇಳಬೇಡಿ ಅಂತಲೂ ಅಂದಳು. ಅವು ನಮ್ಮಂಥ ಪ್ರವಚನದವರು ಕಲಿಸಿದ ಮಾತುಗಳು, ಹೌದಲ್ಲ? ಹಾಗೆ ಹೇಳಿದ್ದರೆ ಅವನು ಅಲ್ಲಿಂದಲೂ ಬಸ್ಸು ಬರುತ್ತದೆ ಅಂತ ಕಾಯುತ್ತಿದ್ದ.

ಅಂದೇ ಬೆಳಿಗ್ಗೆ ಸಾಹುಕಾರ ಮಗನ ಕೈ ಹಿಡಿದು ಹೊಲಕ್ಕೆ ಕರೆದೊಯ್ದ. ಸಮಾಧಿಯ ಹತ್ತಿರ ಕೂತ, ಮಗನನ್ನೂ ಕೂರಿಸಿಕೊಂಡ.

"ಮಲ್ಲೂ, ಆಯಿ ಸತ್ತಾಳಪಾ. ಇಲ್ಲೇ ಮಣ್ಣು ಮಾಡೇವಿ. ಇನ್ನ ಬರೂದಿಲ್ಲ. ಬರ್ತಾಳ ಅಂತ ನಾ ಸುಳ್ಳು ಹೇಳಿದ್ದೆ."

ಚನ್ನಮಲ್ಲ ಬಹಳ ಹೊತ್ತು ಮಣ್ಣು ನೋಡಿದ. "ಆಯಿ ನನ್ನ ಮ್ಯಾಲೆ ಸಿಟ್ಟಾಗಿ ಹೋಗಿಲ್ಲ?"

ನೋಡಿ, ಮೂರು ತಿಂಗಳು ಆ ಎದೆಯೊಳಗೆ ಇದ್ದದ್ದು ಇದು. ಇದೊಂದೇ.

"ಇಲ್ಲೋ ನನ್ನಪ್ಪ. ನಿನ್ನ ಮ್ಯಾಲೆ ಆಕಿಗೆಂದೂ ಸಿಟ್ಟಿರಲಿಲ್ಲ."

ಅಪ್ಪ ಅವನ ಬೊಗಸೆಗೆ ಮಣ್ಣು ಕೊಟ್ಟ. ಅವನು ಹಾಕಿದ. ಮತ್ತೆ ಬೇಕು ಅಂದ. ಮತ್ತೆ ಹಾಕಿದ. ಆಮೇಲೆ ಜೋರಾಗಿ ಅತ್ತ, ಮೂವತ್ತನಾಲ್ಕು ವರ್ಷದ ಗಂಡಸು ಅಳುವಂತೆಯೇ ಅತ್ತ. ಮನೆಗೆ ಬಂದು ಎರಡು ರೊಟ್ಟಿ ತಿಂದ. ಮೂರನೆಯದಕ್ಕೆ ಕೈ ಚಾಚಿದಾಗ ಸಾಹುಕಾರ ತಾನೇ ತಟ್ಟೆಗೆ ಹಾಕಿದ. ಚೀಲದ ಅಂಗಿಗಳನ್ನು ತೆಗೆದು ಗೂಟಕ್ಕೆ ಹಾಕಿದ. ಗಾಡಿಯವನಿಗೆ ಬೇಡವೆಂದು ಫೋನು ಮಾಡಿದ.

ಇದನ್ನು ಪವಾಡ ಅಂತ ತಿಳಿಯಬೇಡಿ. ಚನ್ನಮಲ್ಲ ಆಮೇಲೂ ಕೆಲವು ದಿನ ಕೂಗಾಡಿದ. ಆ ಹೆಣ್ಣುಮಗಳು ಮಳೆಗಾಲ ಮುಗಿಯುವ ತನಕ ವಾರವಾರ ಬಂದಳು. ಆದರೆ ಅವನು ತನ್ನ ಮನೆಯಲ್ಲಿಯೇ ಉಳಿದ.

ಈಗ ನಿಮ್ಮ ಮನೆಗೆ ಬನ್ನಿ, ತಾಯಂದಿರೇ, ಅಣ್ಣಂದಿರೇ. ಯಾರ ಎದುರಿಗೇ ಕೂತು, ಅವರು ಇಲ್ಲದವರಂತೆ ಮಾತಾಡುತ್ತೀರಿ? ಇವನು ಉಂಡನಾ ಅಂತ ಅವನ ತಾಯಿಯನ್ನು ಯಾಕೆ ಕೇಳುತ್ತೀರಿ? ಅವನನ್ನೇ ಕೇಳಿ. ನಾಳೆ ಬೀಗರು ಬರುತ್ತಾರಾ, ಹೇಳಿ. ಯಾರಿಗೋ ಹುಷಾರಿಲ್ಲವಾ, ಹೇಳಿ. ಯಾರಾದರೂ ಸತ್ತರಾ, ಅದನ್ನೂ ಹೇಳಿ, ಒಂದು ಹಿಡಿ ಮಣ್ಣು ಕೊಡಿ. ಭಾರ ಹೊರಲು ಆಗದಿದ್ದರೆ ಗಾಡಿ ಗೊತ್ತು ಮಾಡುವ ಮೊದಲು ಬಲ್ಲವರನ್ನು ಕರೆಯಿರಿ. ಅದರಲ್ಲಿ ಮರ್ಯಾದೆ ಹೋಗುವುದಿಲ್ಲ. ಮತ್ತೆ ಕೇಳಿದ ಮೇಲೆ ಉತ್ತರಕ್ಕೆ ಅವಸರ ಮಾಡಬೇಡಿ. ಕೆಲವರ ಉತ್ತರ ನಿಧಾನವಾಗಿ ಬರುತ್ತದೆ. ಅದು ಬರುವ ತನಕ ಎದ್ದು ಹೋಗದೆ ಹತ್ತಿರ ಕೂತಿರಿ.